ಬೆನ್ನು ಖಾಲಿ ಇರುವ ಕುದುರೆ

ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಪ್ರತಿ ವರ್ಷ ಮುಂಗಾರಿನ ಹೊತ್ತಿಗೆ ಎರಡು ಕುದುರೆಗಳು ಕಾಲ್ನಡಿಗೆಯಲ್ಲಿ ಹೊರಡುತ್ತವೆ. ಮಿರಜ, ಸಾಂಗಲಿ, ಸಾತಾರಾ, ಪುಣೆ ದಾಟಿ ಸುಮಾರು 300 ಕಿಲೋಮೀಟರ್ ದೂರದ ಆಳಂದಿಯನ್ನು ಹತ್ತು ಹನ್ನೊಂದು ದಿನಗಳಲ್ಲಿ ಮುಟ್ಟುತ್ತವೆ. ಅಲ್ಲಿಂದ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯ ಜೊತೆ ಪಂಢರಪುರಕ್ಕೆ ಪಾದಯಾತ್ರೆ, ಅಂದರೆ ವಾರಿ. 19ನೇ ಶತಮಾನದ ಮೊದಲರ್ಧದಲ್ಲಿ ಹೈಬತರಾವ್ ಬಾಬಾ ಆರಫಳಕರ ಈ ವಾರಿಗೆ ಇಂದಿನ ಶಿಸ್ತು ಕೊಟ್ಟಾಗ ಕುದುರೆ ಒದಗಿಸಿದವರು ಅಂಕಲಿಯ ಶಿತೋಳೆ ಸರದಾರರು. ಆ ಸೇವೆ ಇಂದಿಗೂ ಅದೇ ಮನೆತನದ್ದು.

ದಾರಿಯಲ್ಲಿ ಕೆಲವು ಊರುಗಳ ಬಯಲಿನಲ್ಲಿ ರಿಂಗಣ ನಡೆಯುತ್ತದೆ. ಪಲ್ಲಕ್ಕಿಯನ್ನು ನಡುವೆ ಇರಿಸಿ, ವಾರಿ ನಡೆಯುವ ವಾರಕರಿಗಳ ತಂಡಗಳಾದ ದಿಂಡಿಗಳು ಸುತ್ತುವರಿದು ನಿಲ್ಲುತ್ತವೆ. ಅವರ ಸುತ್ತ ಕುದುರೆ ಓಡಲು ದಾರಿ, ಆ ದಾರಿಯಾಚೆ ಕಣ್ಣು ಹರಿಯುವಷ್ಟೂ ಜನ. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ. ಅದು ಮಾವುಲಿಯ, ಅಂದರೆ ಜ್ಞಾನೇಶ್ವರರ ಕುದುರೆ. ಸ್ವತಃ ಅವರೇ ಅದರ ಮೇಲೆ ಕೂತಿದ್ದಾರೆಂಬುದು ವಾರಕರಿಗಳ ನಂಬಿಕೆ. ತಾಳ ಮೃದಂಗಗಳ ನಾದ ಮುಗಿಲು ಮುಟ್ಟುತ್ತಿದ್ದಂತೆ ಎರಡೂ ನಾಗಾಲೋಟಕ್ಕೆ ಬೀಳುತ್ತವೆ. ಓಟ ಮುಗಿದದ್ದೇ ತಡ, ಗೊರಸು ತಾಕಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ.

ನಾನೂ ಆ ಮಣ್ಣಿಗೆ ಕೈ ಚಾಚುವವನೇ. ಜೊತೆಗೆ, ಮನೆಯಲ್ಲಿ ಕುದುರೆ ಸಾಕಿದವನಾದ್ದರಿಂದ ಅಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಕುದುರೆ ಹುಟ್ಟಾ ಅಂಜುವ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಒಮ್ಮೆಗೇ ಕಾಣುತ್ತದೆ. ಬೇಲಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ ಪಟಪಟ ಅಂದರೂ ಅದು ಬೆದರಿ ಓಡಬಲ್ಲದು. ಅಂಥ ಪ್ರಾಣಿ ಅಷ್ಟು ಜನರ ನಡುವೆ, ಲಗಾಮು ಹಿಡಿಯುವ ಕೈಯೇ ಇಲ್ಲದೆ, ದಾರಿ ಬಿಡದೆ ಓಡಿ ಬಂದು ನಿಲ್ಲುತ್ತದೆ. ಮುಂದಿನ ಕುದುರೆಯ ಬೆನ್ನು ಹತ್ತುವುದು ಹಿಂಡಿನ ಗುಣ, ಒಪ್ಪುತ್ತೇನೆ. ಆದರೆ ಆ ಗದ್ದಲದಲ್ಲಿ ನಿಲ್ಲುವುದನ್ನು ಯಾರೋ ದಿನದಿನವೂ ಕಲಿಸಿರಬೇಕು. ಕುದುರೆ ಪಳಗಿಸಿದವನ ಕೈಗುಣ ಪೂರ್ತಿ ಕಾಣುವುದು ಅವನು ಮೇಲೆ ಇಲ್ಲದಾಗ ಎಂದು ನಾನು ತಿಳಿದದ್ದು ರಿಂಗಣ ನೋಡಿದ ಮೇಲೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಊರುಗಳಲ್ಲಿ ಇಂದು ಕುದುರೆ ಕಟ್ಟಿದವರು ಕಬ್ಬು ಬೆಳೆಯುವವರು, ಡೇರಿಗೆ ಹಾಲು ಹಾಕುವವರು, ಟ್ರ್ಯಾಕ್ಟರ್ ನಡೆಸುವವರು. ಟಾಂಗಾ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಎಮ್ಮೆ ಹಾಲು ಕೊಡುತ್ತದೆ, ಎತ್ತು ಗಳೆ ಎಳೆಯುತ್ತದೆ, ಕುದುರೆಯಿಂದ ಮನೆಗೆ ಬರುವ ಆದಾಯ ಇಲ್ಲ. ಆದರೂ ಅಕಲೂಜದ ಕುದುರೆ ಬಜಾರಿಗೆ ಹೋಗಿ, ಹಲ್ಲು ನೋಡಿ, ಕಾಲು ಎತ್ತಿಸಿ, ಸುಳಿ ನೋಡಿ ತರುತ್ತಾರೆ. ಕಿವಿ ಒಳಕ್ಕೆ ಬಾಗಿದ ಮಾರವಾಡಿ, ಕಾಠಿಯಾವಾಡಿ ಕುದುರೆಗಳಿಗೆ ಬೆಲೆ ಹೆಚ್ಚು. ನನ್ನ ಒಲವು ಭೀಮಾ, ನೀರಾ ನದಿಗಳ ಬಯಲಿನ ಭೀಮಥಡಿ ತಳಿಯ ಕಡೆಗೆ. ಎತ್ತರದಲ್ಲಿ ಸಣ್ಣದು, ನೋಡಲು ಸಾದಾ, ಆದರೆ ಮರಾಠರ ದಂಡನ್ನು ದಖ್ಖನಿನ ಕಲ್ಲುನೆಲದಲ್ಲಿ ಹೊತ್ತು ತಿರುಗಿದ ಗಟ್ಟಿ ಕಾಲು.

ಇಂಥ ಸವಾರನ ದಿನ ನಸುಕಿನಲ್ಲೇ ಶುರು. ಮೊದಲು ಖರಾರಾ ಹಿಡಿದು ಮೈ ತಿಕ್ಕಬೇಕು. ಹಾಗೆ ತಿಕ್ಕುವಾಗಲೇ ಎಲ್ಲಿ ಬಾವು, ಎಲ್ಲಿ ಬಿಸಿ ಎಂಬುದು ಅಂಗೈಗೆ ಸಿಗುತ್ತದೆ. ಆಮೇಲೆ ನಾಲ್ಕೂ ಗೊರಸು ಎತ್ತಿ ಎರೆ ಮಣ್ಣು, ಹರಳು ಕೆರೆದು ತೆಗೆಯಬೇಕು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ನಾಲಬಂದನನ್ನು ಕರೆಸಿ ಹಳೆ ನಾಲ ಕಿತ್ತು, ಗೊರಸು ಹೆರೆದು, ಮತ್ತೆ ಕೂಡಿಸಬೇಕು. ಮೊಳೆ ಒಂದು ಎಳೆಯಷ್ಟು ಒಳಕ್ಕೆ ಹೋದರೂ ಕುದುರೆ ಕುಂಟುತ್ತದೆ. ಒಳ್ಳೆಯ ನಾಲಬಂದರು ಈಗ ಬೆರಳೆಣಿಕೆಯಷ್ಟಾಗಿದ್ದಾರೆ. ಒಬ್ಬನಿಗಾಗಿ ಹತ್ತಾರು ಹಳ್ಳಿ ಕಾಯುವ ಸ್ಥಿತಿ.

ಮೇವಿನ ವಿಷಯದಲ್ಲಂತೂ ಎಚ್ಚರ ತಪ್ಪುವಂತಿಲ್ಲ. ಕುದುರೆಗೆ ವಾಂತಿ ಮಾಡಲು ಬಾರದು. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಎದ್ದು ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಒಣ ಮೇವು, ಕುದುರೆ ಮಸಾಲೆ ಸೊಪ್ಪು, ನೆನೆಸಿದ ಕಡಲೆ, ಬೂಸಾ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕು. ಸುತ್ತ ಕಬ್ಬು ಇದೆಯೆಂದು ಬರೀ ಸೋಗೆ ಹಾಕಿ ಮೈ ಉಬ್ಬಿಸಿದವರ ಕುದುರೆ ಏದುಸಿರು ಬಿಡುವುದನ್ನು ಜಾತ್ರೆಯಲ್ಲಿ ಕಂಡು ಸಂಕಟಪಟ್ಟಿದ್ದೇನೆ.

ಇನ್ನು ತಾಲೀಮು. ಹೊಸಬ ಮೊದಲ ದಿನವೇ ಕುದುರೆ ಓಡಿಸಲು ಹಾತೊರೆಯುತ್ತಾನೆ. ಅನುಭವಿ ಮೊದಲ ವಾರಗಳೆಲ್ಲ ಬರೀ ನಡೆಸುತ್ತಾನೆ. ಆಮೇಲೆ ಕುಕ್ಕುಲೋಟ, ಆಮೇಲೆ ಸವಾರನ ಮೈ ಅಲುಗದ ರೇವಾಲ ಚಾಲು, ಕೊನೆಗೆ ನಾಗಾಲೋಟ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಕುದುರೆಯ ಎದೆ ನಾಗಾಲೋಟದಲ್ಲಿ 200 ದಾಟುತ್ತದೆ. ಬಾಯಿಂದ ಅದು ಉಸಿರಾಡಲಾರದು, ಮೂಗಿನಿಂದ ಮಾತ್ರ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಹಾಗಾಗಿ ಉಸಿರಿನ ಲಯ ಕೆಟ್ಟರೆ ಕಾಲಿನ ಲಯವೂ ಕೆಟ್ಟಿತು. ಇದನ್ನೆಲ್ಲ ಪುಸ್ತಕದಲ್ಲಿ ಓದದ ಹಿರಿಯರು ಕಿವಿಯಿಂದಲೇ ಹಿಡಿಯುತ್ತಿದ್ದರು. ನನಗೆ ಕಲಿಸಿದ ಅಜ್ಜ ಪಕ್ಕದಲ್ಲಿ ನಡೆಯುತ್ತ ಹೇಳುತ್ತಿದ್ದುದು ಇಷ್ಟೇ: "ತಮ್ಮಾ, ಲಗಾಮ ಜಗ್ಗಬ್ಯಾಡ. ಬೆರಳ ಮುಚ್ಚು, ಸಾಕು. ಅದಕ್ಕ ತಿಳೀತದ."

ನಮ್ಮ ಸೀಮೆಯಲ್ಲಿ ಕುದುರೆಗೆ ಇನ್ನೊಂದು ಪರೀಕ್ಷೆಯೂ ಇದೆ. ಕಾರ್ಖಾನೆಗಳು ಕಬ್ಬು ನುರಿಯುವ ಹಂಗಾಮಿನಲ್ಲಿ ಜೋಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಎದುರಾಗುತ್ತವೆ. ಎಳೆ ಕುದುರೆಯನ್ನು ಮೊದಲು ದೂರದ ಹೊಲದ ಬದುವಿನಲ್ಲಿ ನಿಲ್ಲಿಸಿ, ಕತ್ತು ಸವರುತ್ತ ಮಾತಾಡಿಸಿ, ದಿನಕ್ಕಷ್ಟು ರಸ್ತೆಗೆ ಹತ್ತಿರ ತರಬೇಕು. ತಾಳ್ಮೆಯ ಕೆಲಸ. ಟ್ರ್ಯಾಕ್ಟರ್ ಮಗ್ಗುಲಲ್ಲೇ ಹಾದು ಹೋದರೂ ಕುದುರೆ ಬರೀ ಕಿವಿ ಹೊರಳಿಸಿ ಸುಮ್ಮನೆ ನಿಂತ ದಿನ ಮನೆಯಲ್ಲಿ ಹಬ್ಬ.

ಜಾತ್ರೆ ಬಂತೆಂದರೆ ಶರ್ಯತ್ತು. ಜೋಡು ಎತ್ತಿನ ಗಾಡಿ, ಕುದುರೆ ಗಾಡಿ, ಬರೀ ಕುದುರೆ ಸವಾರಿ, ಹೀಗೆ ಬಗೆಬಗೆ. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟದ್ದೆನಿಸುವುದು ಒಂದು ಎತ್ತು ಒಂದು ಕುದುರೆ ಹೂಡಿದ ಗಾಡಿ. ಕುದುರೆ ಮೊದಲ ನೆಗೆತದಲ್ಲೇ ಬಲವನ್ನೆಲ್ಲ ಸುರಿಯಲು ನೋಡುತ್ತದೆ. ಎತ್ತು ತನ್ನ ಹೆಜ್ಜೆ ಕೂಡಿಸಿಕೊಳ್ಳಲು ಸಮಯ ಬೇಡುತ್ತದೆ. ಅಡ್ಡಾದಿಡ್ಡಿ ಎಳೆದರೆ ನೊಗ ಓರೆಯಾಗಿ ಗಾಡಿ ಪಕ್ಕಕ್ಕೆ ಸರಿಯುತ್ತದೆ. ಗಾಡಿ ಹೊಡೆಯುವವನು ಒಂದು ಕೈಯಲ್ಲಿ ಕುದುರೆಯನ್ನು ತಡೆಯುತ್ತ, ದನಿಯಲ್ಲಿ ಎತ್ತನ್ನು ಎಬ್ಬಿಸುತ್ತ, ಎರಡರ ಓಟವನ್ನೂ ಒಂದು ಹದಕ್ಕೆ ತರಬೇಕು. ಅದು ಕೂಡಿಬಂದ ಕೆಲವೇ ಕ್ಷಣ ಗಾಡಿ ನೇರ ಗೆರೆ ಎಳೆದಂತೆ ಹೋಗುತ್ತದೆ. ಗೆದ್ದವರಿಗೆ ರೊಕ್ಕ, ಢಾಲು, ಗುಲಾಲು ಎಲ್ಲ ಸಿಗಲಿ. ನಾನು ಜಾತ್ರೆಗೆ ಹೋಗುವುದು ಆ ಕ್ಷಣಕ್ಕಾಗಿ.

ಓಟಕ್ಕಿಂತ ಹಿಡಿತ ಮುಖ್ಯ ಎಂಬುದು ದೊಡ್ಡ ಕ್ರೀಡಾಕೂಟಗಳಲ್ಲೂ ನಿಜ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದದ್ದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ ಪಡೆದದ್ದು ನಿಮಗೆ ನೆನಪಿರಬಹುದು. ಅವರು ಸ್ಪರ್ಧಿಸಿದ ಇವೆಂಟಿಂಗ್‌ನಲ್ಲಿ ಮೂರು ಹಂತ: ಡ್ರೆಸಾಜ್, ಬಯಲಿನ ಓಟ, ಬೇಲಿ ಜಿಗಿತ. ಮೊದಲನೆಯದಾದ ಡ್ರೆಸಾಜ್‌ನಲ್ಲಿ ವೇಗಕ್ಕೆ ಅಂಕವೇ ಇಲ್ಲ. ಅಂಕಣದೊಳಗೆ ಬಂದು ಕುದುರೆಯನ್ನು ಅಲುಗದಂತೆ ನಿಲ್ಲಿಸಿ ತೀರ್ಪುಗಾರರಿಗೆ ವಂದಿಸಬೇಕು, ಮುಂದಿನದೆಲ್ಲ ಆಮೇಲೆ. 2023ರ ಹಾಂಗ್‌ಝೌ ಕೂಟದಲ್ಲಿ ಭಾರತ ತಂಡ ಚಿನ್ನ ಗೆದ್ದದ್ದೂ ಇದೇ ಡ್ರೆಸಾಜ್‌ನಲ್ಲಿ. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕುದುರೆ ವಾಹ್ಯಾಳಿಯನ್ನು ರಾಜರ ವಿನೋದಗಳಲ್ಲಿ ಒಂದಾಗಿ ವಿವರಿಸಿದ. ಅಂದು ಅರಸರದಾಗಿದ್ದ ವಿದ್ಯೆ ಇಂದು ಯಕ್ಸಂಬಾ, ಯಡೂರ, ಚಿಂಚಲಿ ಸುತ್ತಿನ ರೈತರ ಮಕ್ಕಳ ಕೈಯಲ್ಲಿದೆ ಎಂಬುದು ನನಗೆ ಹೆಮ್ಮೆಯ ಮಾತು.

ಈ ಹೆಮ್ಮೆಗೆ ಕಳಂಕ ತರುವುದು ಎರಡು: ಚಾಬೂಕು ಮತ್ತು ಡಾಂಬರು. ಗಟ್ಟಿ ರಸ್ತೆಯ ಮೇಲೆ ನಾಗಾಲೋಟ ಓಡಿಸಿದರೆ ಒಂದೊಂದು ನೆಗೆತದ ಏಟೂ ಮುಂಗಾಲಿನ ಎಲುಬು, ಕೀಲುಗಳಿಗೆ ಬೀಳುತ್ತದೆ. ಎರಡು ಜಾತ್ರೆ ಗೆದ್ದ ಕುದುರೆ ಮೂರನೆಯದಕ್ಕೆ ಕುಂಟುವುದು ಇದರಿಂದಲೇ. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಪ್ರಾಣಿಗೆ ವೃಥಾ ನೋವಾಗದಂತೆ ಆಟ ನಡೆಯಲಿ ಎಂಬುದು ಆ ಕಾಯ್ದೆಯ ಷರತ್ತು. ಕುದುರೆಯ ವಿಷಯದಲ್ಲಿ ನಾವೇ ಮುಂದಾಗಿ ಅದನ್ನು ಪಾಲಿಸಬಹುದಲ್ಲ? ಜಾತ್ರೆಯ ಕಮಿಟಿಯವರಲ್ಲಿ ನನ್ನ ವಿನಂತಿ: ಸುಗ್ಗಿ ಮುಗಿದ ಹೊಲದಲ್ಲಿ ಕಲ್ಲು ಆರಿಸಿ, ರಂಟೆ ಹೊಡೆಸಿ, ನೀರು ಚಿಮುಕಿಸಿ ಮೆತ್ತನೆಯ ದಾರಿ ಮಾಡಿ. ಓಟಕ್ಕೆ ಮುಂಚೆ ಪಶುವೈದ್ಯರು ಪ್ರತಿ ಕುದುರೆಯ ಕಾಲು, ಉಸಿರು ನೋಡಲಿ. ಚಾಬೂಕು ಹಿಡಿದು ಬಂದವನ ಹೆಸರನ್ನು ಓಟಕ್ಕೆ ಬರೆದುಕೊಳ್ಳಬೇಡಿ. ಓಟ ಮುಗಿದ ಮೇಲೆ ಕುದುರೆಯನ್ನು ತಿರುಗಾಡಿಸಿ ಬೆವರು ಆರಿಸಲು ನೆರಳು, ಕುಡಿಯಲು ನೀರಿನ ತೊಟ್ಟಿ, ಇಷ್ಟು ಇರಲಿ. ಬಹುಮಾನದ ರೊಕ್ಕದಲ್ಲಿ ಸ್ವಲ್ಪ ಕಡಿಮೆಯಾದರೂ ನಡೆದೀತು, ಈ ಏರ್ಪಾಟು ಮಾತ್ರ ಬರುವ ಜಾತ್ರೆಗೇ ಆಗಲಿ.