ಮಗುವಿನ ಕೈ ಹಿಡಿದು ಬೀದಿಗೆ ಬನ್ನಿ!

(ಜಯನಗರದಲ್ಲಿ ನಡೆದ ತಾಯ್ತಂದೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಇಂಥ ವೇದಿಕೆಗಳ ಮೇಲೆ ನಿಂತವರೆಲ್ಲಾ ನೆಲದ ಬಗ್ಗೆ, ಜಲದ ಬಗ್ಗೆ, ನಾಮಫಲಕದ ಬಗ್ಗೆ ಗುಡುಗಿ ಹೋಗಿದ್ದಾರೆ. ನಾನೂ ಗುಡುಗಿದವನೇ. ಇವತ್ತು ಗುಡುಗುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ಉತ್ತರವನ್ನು ನನಗೆ ಹೇಳಬೇಡಿ. ಎದೆ ಮುಟ್ಟಿಕೊಂಡು ನಿಮಗೆ ನೀವೇ ಹೇಳಿಕೊಳ್ಳಿ.

ಕಳೆದ ಭಾನುವಾರ ನಿಮ್ಮ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ? ಅಲ್ಲಿ ಮಗುವಿನ ಜೊತೆ ಏನು ಮಾತಾಡಿದಿರಿ?

ಕಾರಿನಲ್ಲಿ ಕೂರಿಸಿ ಮಾಲ್‌ಗೆ ಕರೆದೊಯ್ದಿರಿ. ಅತ್ತಾಗ ಕೈಗೆ ಮೊಬೈಲ್ ಕೊಟ್ಟಿರಿ. ಮೂರು ಗಂಟೆಯ ಹೊತ್ತಿನಲ್ಲಿ ನೀವು ಆಡಿದ್ದು ಮೂರೇ ಮಾತು. ಓಡಬೇಡ, ಮುಟ್ಟಬೇಡ, ಬೇಗ ತಿನ್ನು. ಅದೂ ಇಂಗ್ಲಿಷಿನಲ್ಲಿ! ನಾನು ನಿಮ್ಮನ್ನು ಹೀಯಾಳಿಸುತ್ತಿಲ್ಲ ಬಂಧುಗಳೇ. ಇದು ನನ್ನದೇ ಮನೆಯ ಕತೆ. ಆ ಕತೆ ಹೇಳಿ ತಪ್ಪೊಪ್ಪಿಕೊಳ್ಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ನನಗೆ ಒಬ್ಬಳೇ ಮಗಳು. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ. ಹೋದ ವರ್ಷದ ಬೇಸಿಗೆಯಲ್ಲಿ ಅವಳಿಗೆ ನಾಲ್ಕು ತುಂಬುತ್ತಿತ್ತು. ತುರುವೇಕೆರೆ ಕಡೆಯ ಹಳ್ಳಿಯಿಂದ ನನ್ನ ತಾಯಿ ಒಂದು ವಾರ ಇದ್ದು ಹೋಗಲು ಬಂದಿದ್ದರು. ಭಾನುವಾರ ಬೆಳಗ್ಗೆ ಅಜ್ಜಿ ಮೊಮ್ಮಗಳಿಬ್ಬರನ್ನೂ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಬಂಡೆ ಹತ್ತುತ್ತಾ ಹತ್ತುತ್ತಾ ಮಗು ನಿಂತುಬಿಟ್ಟಿತು. ಅಜ್ಜಿ ಬಗ್ಗಿ ಕೇಳಿದರು: "ಕಾಲು ನೋಯ್ತದೇನವ್ವಾ? ಎತ್ಕೊಳ್ಳಾ?"

ಮಗು ಅಜ್ಜಿಯ ಮುಖ ನೋಡಲಿಲ್ಲ. ನನ್ನ ಮುಖ ನೋಡಿತು. ಏಕೆ ಗೊತ್ತೇ? ಅಜ್ಜಿ ಏನು ಹೇಳಿದರು ಅಂತ ನಾನು ಇಂಗ್ಲಿಷಿನಲ್ಲಿ ಹೇಳಲಿ ಎಂದು!

ಯೋಚಿಸಿ ಬಂಧುಗಳೇ. ನವೆಂಬರ್ ಬಂತೆಂದರೆ ಹಳದಿ ಕೆಂಪು ಶಾಲು ಹೊದ್ದು ಬೀದಿ ಬೀದಿ ತಿರುಗುವವನು ನಾನು. ನನ್ನ ಹೆತ್ತ ತಾಯಿಗೂ ನಾನು ಹೆತ್ತ ಮಗಳಿಗೂ ನಡುವೆ ನಾನೇ ದುಭಾಷಿಯಾಗಿ ನಿಂತಿದ್ದೆ. ತಾಯಿ ಏನೂ ಅನ್ನಲಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುತ್ತಾ ಒಂದೇ ಮಾತು ಹೇಳಿದರು: "ಮಗಾ ಚುರುಕಾಗವ್ಳೆ ಕಣಪ್ಪಾ. ಆದ್ರೆ ನಂಗೂ ಅವ್ಳಿಗೂ ಮಾತೇ ಇಲ್ವಲ್ಲ." ವಾರ ಇರಲು ಬಂದವರು ನಾಲ್ಕೇ ದಿನಕ್ಕೆ ಊರಿಗೆ ಹೊರಟರು.

ತಪ್ಪು ಯಾರದು? ಪರಭಾಷಿಕರದು ಎನ್ನೋಣವೇ? ನಮ್ಮ ಎದುರು ಮನೆಯವರು ತಮಿಳರು. ಅವರ ಹುಡುಗನಿಗೂ ಅದೇ ವಯಸ್ಸು. ಮನೆಯೊಳಗೆ ತಮಿಳು, ಬೀದಿಗೆ ಬಂದರೆ ಅರಳು ಹುರಿದಂತೆ ಕನ್ನಡ! ಆ ನಾಲ್ಕು ದಿನವೂ ನನ್ನ ತಾಯಿಯ ಜೊತೆ ಗೇಟಿನ ಬಳಿ ಕೂತು ಹರಟಿದವನು ಅವನೇ. ಹಾಗಾದರೆ ತಪ್ಪು ನನ್ನದು. ಶಾಲೆಗೆ ಸೇರಿಸುವಾಗ ಮಗು ತಡವರಿಸಬಾರದೆಂದು, ಮಾತು ಕಲಿಯುವ ವಯಸ್ಸಿನಲ್ಲೇ ಮನೆಯೊಳಗೆ ಇಂಗ್ಲಿಷ್ ತಂದು ಕೂರಿಸಿದವರು ನಾನು ಮತ್ತು ನನ್ನ ಹೆಂಡತಿ.

ಕಾನೂನು ಕಾಪಾಡುತ್ತದೆ ಎನ್ನುತ್ತೀರಾ? 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯ ಪ್ರಕಾರ ನಮ್ಮ ರಾಜ್ಯದ ಶಾಲೆಗಳು ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಕಲಿಸಲಿ. ಆದರೆ ಅಜ್ಜಿಯ ಜೊತೆ ಹರಟುವುದನ್ನು ಯಾವ ಕಾಯಿದೆ ಕಲಿಸೀತು? 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಾಯ್ತಂದೆಯರದು. ಆ ತೀರ್ಪು ಕೇಳಿ ನಾನು ಅವತ್ತು ಕುದಿದು ಹೋಗಿದ್ದೆ. ಇವತ್ತು ಅದನ್ನು ಬೇರೆ ಥರ ಓದುತ್ತೇನೆ. ಆಯ್ಕೆ ನಮ್ಮದೇ ಆದರೆ ಭಾನುವಾರದ ಆಯ್ಕೆಯೂ ನಮ್ಮದೇ ತಾನೆ? ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಬಹಳ ಸಂತೋಷ. ನಮ್ಮ ಊಟದ ತಟ್ಟೆಯ ಮುಂದೆ ಶೇಕಡಾ ಎಷ್ಟು?

ಅಂದು ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದೆವು. ಮನೆಪಾಠ ಬೇಡ, ಪುಸ್ತಕದ ರಾಶಿ ಬೇಡ. ಪ್ರತಿ ಭಾನುವಾರ ಬೆಳಗ್ಗೆ ಮಗುವಿನ ಕೈ ಹಿಡಿದು ಹೊರಗೆ ಹೋಗುವುದು. ಕಾರು ಮನೆಯಲ್ಲಿ, ಮೊಬೈಲ್ ಜೇಬಿನಲ್ಲಿ, ಬಾಯಲ್ಲಿ ಕನ್ನಡ. ಇಷ್ಟೇ ನಿಯಮ.

ಮೊದಲ ಭಾನುವಾರ ಮತ್ತೆ ಅದೇ ಲಾಲ್‌ಬಾಗಿನ ಬಂಡೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ. ಇವೆಲ್ಲಾ ದೊಡ್ಡವರಿಗೆ. ಮಗುವಿಗೆ ಬೇಕಾದದ್ದು ಬಂಡೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. "ಅಜ್ಜಿಗಿಂತ ದೊಡ್ಡದಾ?" ಎಂದಿತು ಮಗು. ಹೌದು ಎಂದೆ. "ಅಜ್ಜಿಯ ಅಜ್ಜಿಗಿಂತ?" ನಗು ಬಂತು. ಆ ಮೇಲೆ ಕಾಲ ಕೆಳಗಿನದನ್ನೆಲ್ಲಾ ಹೆಕ್ಕಲು ಶುರು. ಇದು ಬಂಡೆ, ಇದು ಗುಂಡು, ಇದು ಜಲ್ಲಿ, ಇದು ಹರಳು, ಇದು ಮರಳು. ಅಲ್ಲಿಯವರೆಗೆ ಅವಳಿಗೆ ಎಲ್ಲವೂ 'ಸ್ಟೋನ್'. ಒಂದು ಬೆಳಗ್ಗೆಯಲ್ಲಿ ಕಲ್ಲಿಗೆ ಐದು ಹೆಸರು ಬಂತು. ಬಂಡೆಯ ತಲೆಯ ಮೇಲಿನ ಕೆಂಪೇಗೌಡರ ಗೋಪುರ ತೋರಿಸಿದೆ. ಊರಿನ ಎಲ್ಲೆ ಇಲ್ಲಿಗೆ ಎಂದು ಗುರುತು ಹಾಕಿದ ಗೋಪುರ ಎಂಬುದು ಪ್ರತೀತಿ. "ಹಾಗಾದ್ರೆ ನಮ್ಮನೆ ಊರಾಚೆನಾ ಅಪ್ಪಾ?" ಎಂದಳು. ನಾಲ್ಕು ವರ್ಷದ ಮಗು ಬೆಂಗಳೂರಿನ ಇತಿಹಾಸವನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದಿತ್ತು!

ಮಳೆಗಾಲ ಬಂತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾಯಿತು. ಜಯನಗರದಲ್ಲಿ ಹಸಿರು ರೈಲು ಹತ್ತಿದೆವು. ಮುಂದಿನ ನಿಲ್ದಾಣ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ರೈಲು ಹಿಡಿದೆವು. ಬಣ್ಣಗಳ ಹೆಸರು ಅಲ್ಲೇ ಬಾಯಿಪಾಠ. ಮೊದಲು ಸಿಗುವುದು ರಾಗಿಗುಡ್ಡ. ರಾಗಿಯ ರಾಶಿಯೇ ಗುಡ್ಡವಾಯಿತೆಂಬ ಕತೆ ಹೇಳಿದರೆ ಮುದ್ದೆ ಒಲ್ಲೆ ಎನ್ನುವ ಮಗುವೂ ಕಿವಿ ನಿಮಿರಿಸುತ್ತದೆ. ಆ ಮೇಲೆ ಬಿ.ಟಿ.ಎಂ. ಬಡಾವಣೆ. ಅಲ್ಲೇ ಮನೆ ಕಟ್ಟಿಕೊಂಡ ಎಷ್ಟೋ ಮಂದಿಗೆ ಈ ಮೂರು ಅಕ್ಷರ ಏನೆಂದು ಗೊತ್ತಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ! ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರಗಳ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇವೆ. ಮುಚ್ಚಳ ತೆಗೆದ ಕೂಡಲೇ ಮಗು ಕೇಳಿತು, "ತಾವರೆ ಎಲ್ಲಿ? ಕೆರೆ ಎಲ್ಲಿ?" ನಾನು ತಲೆ ತಗ್ಗಿಸಿದೆ. ಹೆಸರನ್ನು ಪೂರ್ತಿ ಹೇಳಿದರೆ ತಾನೆ, ಕಳೆದುಕೊಂಡದ್ದು ಏನೆಂದು ಮಕ್ಕಳಿಗೆ ತಿಳಿಯುವುದು?

ತಾಯಂದಿರೇ, ಇನ್ನೊಂದು ಶಾಲೆ ಇದೆ. ಶುಲ್ಕವಿಲ್ಲ, ಸಂದರ್ಶನವೂ ಇಲ್ಲ. ಅದು ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆ. ಫೋನಿನಲ್ಲಿ ಹಣ ಕಳಿಸಿ ನಡೆದುಬಿಡಬೇಡಿ. ಮಗುವಿನ ಕೈಗೆ ಇಪ್ಪತ್ತು ರೂಪಾಯಿ ನೋಟು ಕೊಡಿ, ಅದೇ ಕೇಳಲಿ. ದಂಟು, ಸಬ್ಬಸಿಗೆ, ಮೆಂತ್ಯ, ಹರಿವೆ. ಒಂದೊಂದು ಸೊಪ್ಪಿಗೂ ಒಂದೊಂದು ವಾಸನೆ. ಮೂಗು ಕಲಿತ ಪದವನ್ನು ನಾಲಿಗೆ ಮರೆಯುವುದಿಲ್ಲ. ಚಳಿಗಾಲಕ್ಕೆ ಅವರೆಕಾಯಿ ಬರುತ್ತದೆ. ಸೊಗಡು ಎಂಬ ಮಾತನ್ನು ಯಾವ ನಿಘಂಟು ಹಿಡಿದು ಹೇಳುತ್ತೀರಿ? ಕಾಯಿ ಮೂಸಿಸಿ, ಸಾಕು. ಮನೆಗೆ ತಂದು ಸುಲಿಯಲು ಕೂರಿಸಿ. ನೆನೆಸಿದ ಕಾಳನ್ನು ಹಿತುಕಿದಾಗ ಅದು ಪುಳಕ್ಕನೆ ಹಾರಿ ಗೋಡೆಗೆ ಬೀಳುತ್ತದೆ. ನಮ್ಮ ಪುಟ್ಟಿಗೆ ಯಾವ ಆಟದ ಸಾಮಾನೂ ಅಷ್ಟು ನಗು ತರಲಿಲ್ಲ. ಸೊಪ್ಪಿನವ್ವ ಒಂದು ದಿನ ಒಂದೆಸಳು ಕರಿಬೇವು ಸೇರಿಸಿ "ತಕೋ, ಕೊಸರು" ಎಂದರು. ಮುಂದಿನ ವಾರದಿಂದ ಮಗುವೇ ಕೈ ಚಾಚಿ "ಕೊಸರು ಕೊಡಿ" ಎನ್ನತೊಡಗಿತು!

ಈಗ ನನ್ನ ಎದೆ ಇನ್ನೂ ಹೊಡೆದುಕೊಳ್ಳುವ ಒಂದು ಸಂಗತಿ ಹೇಳುತ್ತೇನೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬೆಳೆ ತಿಂದ ಬಸವನ ಕತೆ ನಿಮಗೆಲ್ಲಾ ಗೊತ್ತು, ಹಿಂದಿನ ದಿನವೇ ಪುಟ್ಟಿಗೂ ಹೇಳಿದ್ದೆ. ಸಂಜೆ ಹೊತ್ತು, ಹೆಜ್ಜೆ ಇಡಲೂ ಜಾಗವಿಲ್ಲದ ಜನಸಾಗರ. ಸೇರು ಅಳೆಸಿ ಚೀಲ ಹಿಡಿದು, ದುಡ್ಡು ಕೊಟ್ಟು ತಿರುಗಿ ನೋಡುತ್ತೇನೆ, ಮಗು ಇಲ್ಲ!

ಅತ್ತ ಓಡಿದೆ, ಇತ್ತ ಓಡಿದೆ. ಹೆಂಡತಿ ಹೆಸರು ಹಿಡಿದು ಕೂಗುತ್ತಿದ್ದಾಳೆ. ಆ ಪೀಪಿಯ ಗದ್ದಲದಲ್ಲಿ ಯಾರಿಗೆ ಕೇಳಿಸೀತು? ಹತ್ತು ನಿಮಿಷ ಇರಬಹುದು, ನನಗೆ ಹತ್ತು ವರ್ಷ. ಕೊನೆಗೆ ಐದಾರು ಅಂಗಡಿ ಆಚೆ, ಕಡಲೆಕಾಯಿ ರಾಶಿಯ ಪಕ್ಕದ ಗೋಣಿಚೀಲದ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ಕಡಲೆಕಾಯಿ. ಮಾರುವ ಹೆಣ್ಣುಮಗಳು ಹೇಳಿದಳು: "ಅಳ್ತಾ ನಿಂತಿತ್ತಣ್ಣಾ. ಯಾಕಮ್ಮಾ ಅಂದೆ. ಅಪ್ಪ ಕಾಣಿಸ್ತಿಲ್ಲ, ನೀಲಿ ಅಂಗಿ, ಕಡಲೆಕಾಯಿ ಚೀಲ ಹಿಡ್ಕೊಂಡವ್ರೆ ಅಂತು. ಇಲ್ಲೇ ಕೂತ್ಕೋ, ಬತ್ತಾರೆ ಅಂದೆ."

ಆಕೆ ಆಂಧ್ರದ ಗಡಿಯಾಚೆಯಿಂದ ಮೂಟೆ ಹೊತ್ತು ಬಂದವಳು. ತೆಲುಗು ಬೆರೆತ ಕನ್ನಡ ಅವಳದು. ನನ್ನ ಮಗಳದು ಆರು ತಿಂಗಳ ಹಿಂದೆ ಕಲಿಯತೊಡಗಿದ ಕನ್ನಡ. ಇಬ್ಬರಿಗೂ ಆ ಸಂಜೆ ಆಸರೆಯಾದದ್ದು ಈ ಬೀದಿಯ ಭಾಷೆ. ಅದೇ ಮಗು ಆರು ತಿಂಗಳ ಹಿಂದಿನ ಮಗುವಾಗಿದ್ದರೆ? ಆ ಹೆಣ್ಣುಮಗಳ ಮುಖವನ್ನೂ ನೋಡದೆ ಇನ್ನಷ್ಟು ದೂರ ಓಡಿ ಹೋಗುತ್ತಿತ್ತಲ್ಲವೇ? ಕನ್ನಡ ಅನ್ನ ಕೊಡುತ್ತದೆಯೇ ಎಂದು ಕೇಳುವವರಿಗೆ ನಾನು ಈಗ ಬೇರೆ ಉತ್ತರ ಹುಡುಕುವುದಿಲ್ಲ. ಈ ಊರಿನ ಬೀದಿಯಲ್ಲಿ ಅಳುವ ಮಗುವಿಗೆ ಕನ್ನಡ ಕೂರಲು ಜಾಗ ಕೊಡುತ್ತದೆ. ಅಷ್ಟು ಸಾಕು.

ಇಷ್ಟು ಕೇಳಿ ನಾಳೆಯೇ ಮಗುವನ್ನು ಬೆನ್ನಟ್ಟಬೇಡಿ. ಎರಡು ಮಾತು ನೆನಪಿಡಿ. ಮೊದಲನೆಯದು, ಸುತ್ತಾಟವನ್ನು ಪಾಠ ಮಾಡಬೇಡಿ. ನೆಂಟರ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಬಸ್ಸು ಬಸ್ಸೇ, ರೈಲು ರೈಲೇ. ಇಂಗ್ಲಿಷ್ ಪದ ಬಂತೆಂದು ಗದರಿದರೆ ಮಗು ಕನ್ನಡಕ್ಕೇ ಹೆದರುತ್ತದೆ. ಇಂಗ್ಲಿಷನ್ನು ಶಾಲೆ ಕಲಿಸಿಯೇ ಕಲಿಸುತ್ತದೆ, ಆ ಚಿಂತೆ ಬಿಡಿ. ಎರಡನೆಯದು, ಎದುರು ಮನೆಯ ಮಗುವನ್ನೂ ಕರೆದುಕೊಂಡು ಹೋಗಿ, ಅದು ಯಾವ ಭಾಷೆಯದೇ ಆಗಲಿ. ಇಬ್ಬರು ಮಕ್ಕಳು ಸೇರಿದರೆ ಆಡಲು ಒಂದು ಭಾಷೆ ಬೇಕೇ ಬೇಕು. ಆ ಭಾಷೆ ಕನ್ನಡವಾಗುವಂತೆ ನೋಡಿಕೊಳ್ಳುವುದು ನಿಮ್ಮ ಜಾಣತನ. ನಮ್ಮ ಎದುರು ಮನೆಯ ಹುಡುಗ ಈಗ ಪ್ರತಿ ಭಾನುವಾರ ನಮಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ಗೇಟಿನ ಬಳಿ ನಿಂತಿರುತ್ತಾನೆ. ನನ್ನ ಮಗಳ ಅರ್ಧ ಕನ್ನಡ ಅವನ ಭಿಕ್ಷೆ!

ಸಂಕ್ರಾಂತಿಗೆ ನನ್ನ ತಾಯಿ ಮತ್ತೆ ಬಂದರು. ಹೊಸ ಲಂಗ ತೊಟ್ಟು ಎಳ್ಳು ಬೀರಲು ಹೊರಟ ಮೊಮ್ಮಗಳ ಜೊತೆ ಮನೆಮನೆಗೂ ಹೋದರು. ಮರುದಿನ ಮೂವರೂ ಲಾಲ್‌ಬಾಗಿಗೆ ಹೋದೆವು. ಅದೇ ಬಂಡೆ. ಈ ಸಲ ಅರ್ಧ ದಾರಿಯಲ್ಲಿ ನಿಂತವರು ಅಜ್ಜಿ. ಪುಟ್ಟಿ ತಿರುಗಿ ಬಂದು ಕೈ ಹಿಡಿದು ಕೇಳಿದಳು: "ಕಾಲು ನೋಯ್ತದಾ ಅಜ್ಜಿ? ಕೂತ್ಕೋ. ಈ ಬಂಡೆ ನಿನಗಿಂತ ದೊಡ್ಡದು ಗೊತ್ತಾ? ಮುನ್ನೂರು ಕೋಟಿ ವರ್ಷ!"

"ಯಾರವ್ವಾ ಎಣಿಸ್ದೋರು?" ಎಂದರು ಅಜ್ಜಿ.

ಇಬ್ಬರೂ ಅಲ್ಲೇ ಕೂತು ಅದನ್ನೇ ಮಾತಾಡತೊಡಗಿದರು. ನಾನು ಹಿಂದೆ ನಿಂತಿದ್ದೆ. ನನ್ನ ಮುಖವನ್ನು ಯಾರೂ ನೋಡಲಿಲ್ಲ. ದುಭಾಷಿಯ ಕೆಲಸ ಹೋಗಿತ್ತು. ಕೆಲಸ ಹೋದದ್ದಕ್ಕೆ ಅಷ್ಟು ಸಂತೋಷಪಟ್ಟವನು ಈ ಬೆಂಗಳೂರಿನಲ್ಲಿ ಇನ್ನೊಬ್ಬನಿರಲಾರ. ಅಂದ ಹಾಗೆ ತಾಯಿ ಆ ಸಲ ಹದಿನೈದು ದಿನ ಇದ್ದು ಹೋದರು.

ಬಂಧುಗಳೇ, ಬರುವ ಭಾನುವಾರ ನಿಮ್ಮದು. ಚೀಲ ಹಿಡಿಯಿರಿ, ಮಗುವಿನ ಕೈ ಹಿಡಿಯಿರಿ, ಬೀದಿಗೆ ಬನ್ನಿ. ಕನ್ನಡ ಅಲ್ಲೇ ಇದೆ, ನಿಮಗಾಗಿ ಕಾಯುತ್ತಿದೆ.

ಜೈ ಕರ್ನಾಟಕ!