ಕೂಸಿನ ಬರ್ಥ್‌ಡೇ, ಅವ್ವನ ಚಿಂತಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಮಹಿಳೆ ಮತ್ತು ಕುಟುಂಬ’. ಅದರೊಳಗಿಂದ ಒಂದು ಸಣ್ಣ ಮಾತು ಎತ್ತಿಕೊಂಡೀನಿ: ಮಕ್ಕಳ ಬರ್ಥ್‌ಡೇ. ನಗಬ್ಯಾಡ್ರಿ. ನಮ್ಮ ಅಕ್ಕಲಕೋಟ ಭಾಗದಾಗ ಮರಾಠಿಯವರ ಹಂಗ ವಾಢದಿವಸ ಅಂತೀವಿ, ಹುಡುಗರು ಬರ್ಥ್‌ಡೇ ಅಂತಾರ. ಏನೇ ಅನ್ನಿರಿ, ಆ ದಿನ ಹತ್ತಿರ ಬಂತೆಂದರೆ ಅವ್ವನಿಗೆ ನಿದ್ದಿ ಇಲ್ಲ.

ಹುಟ್ಟಿದ ದಿನ ಮಾಡಬ್ಯಾಡ್ರಿ ಅಂತ ಹೇಳಲಿಕ್ಕೆ ನಾನು ನಿಂತಿಲ್ಲ. ನಮ್ಮ ಹಿರಿಯರನ್ನು ಯಾವಾಗ ಹುಟ್ಟಿದಿರಿ ಅಂತ ಕೇಳಿದರೆ, ಜ್ವಾಳ ಕೊಯ್ಯುವಾಗ, 1972ರ ಬರದಾಗ ಅಂತಾರೆ. ಸಾಲಿಗೆ ಹಚ್ಚುವಾಗ ಮಾಸ್ತರು ಜೂನ್ 1 ಅಂತ ಬರೆದುಬಿಟ್ಟರು. ಆಧಾರ್ ಕಾರ್ಡ್ ತೆಗೆದು ನೋಡಿರಿ, ಓಣಿಯ ಎಷ್ಟೋ ಮಂದಿ ಒಂದೇ ದಿನ ಹುಟ್ಟಿದವರು! ನಾವು ಹುಟ್ಟಿದ ದಿನಕ್ಕೆ ಲೆಕ್ಕ ಇಟ್ಟವರೇ ಇರಲಿಲ್ಲ. ಬಾಬಾಸಾಹೇಬರ ಜಯಂತಿಯನ್ನು ಮೊದಲ ಸಲ ಸಾರ್ವಜನಿಕವಾಗಿ ಮಾಡಿದವರು ಪುಣೆಯ ಜನಾರ್ದನ ಸದಾಶಿವ ರಣಪಿಸೆ, 1928ರಲ್ಲಿ. ಆಗ ಬಾಬಾಸಾಹೇಬರಿಗೆ 37 ವರ್ಷ. ನಮ್ಮೊಳಗೆ ಒಬ್ಬರು ಹುಟ್ಟಿದ್ದು ಸಂತೋಷದ ಸುದ್ದಿ ಅಂತ ಎಲ್ಲರೂ ಕೂಡಿ ಹೇಳಿದ್ದು ಅದು. ನಿಮ್ಮ ಮನೆ ಕೂಸು ಹುಟ್ಟಿದ್ದೂ ಸಂತೋಷದ ಸುದ್ದಿಯೇ.

ಆದರೆ ಖರ್ಚು ನೋಡಿರಿ. ಒಂದು ಕಿಲೋ ಕೇಕ್ 500–600 ರೂಪಾಯಿ. ಪುಗ್ಗಾ, ಟೋಪಿ, ಹಿಂದೆ ಹಚ್ಚುವ ಝಗಝಗ ಪಡದೆ. ಬಂದ ಮಕ್ಕಳ ಕೈಯಾಗ ಕೊಡಲಿಕ್ಕೆ ಒಂದೊಂದು ಕಂಪಾಸ್ ಪೆಟ್ಟಿಗೆ. ಚೌಕದಾಗ ಒಂದು ಬ್ಯಾನರ್. ಅದರಾಗ ಕೂಸಿನ ಫೋಟೊ ಸಣ್ಣದು, ಶುಭೇಚ್ಛುಕರು ಅಂತ ಕಾಕಾ, ಮಾಮಾಗಳ ಫೋಟೊ ದೊಡ್ಡವು. (ತಮ್ಮಂದಿರು ಯಾಕ ತಲಿ ಕೆಳಗ ಹಾಕಿದ್ರಿ?) ಎಲ್ಲ ಕೂಡಿ 4000 ಮುಟ್ಟುತ್ತದೆ. ಕಸ ತೆಗೆಯಲು ಹೊಲಕ್ಕೆ ಹೋಗುವ ಅವ್ವನ ಕೂಲಿ ದಿನಕ್ಕೆ 300 ಅಂತ ಹಿಡಿದರೂ 13 ದಿನದ ದುಡಿಮೆ ಒಂದು ಸಂಜೆಗೆ ಹೋಯಿತು. ಬಚತ್ ಗಟದಾಗ ಸಾಲಿ ಫೀ ಅಂತ ಹೇಳಿ ಸಾಲ ಎತ್ತಿ ಕೇಕ್ ತಂದವರು ಇದ್ದಾರೆ. ಹೆಸರು ಹೇಳಂಗಿಲ್ಲ.

ಇದನ್ನು ಡೌಲು ಅಂತ ಬೈಯುವುದು ಸುಲಭ. ಗಂಡಸರು ಬೈಯುತ್ತಲೂ ಇದ್ದಾರೆ. ಆದರೆ ಆ ಝಗಝಗ ಪಡದೆ ಯಾಕ ಹಚ್ಚತಾಳ ಗೊತ್ತೇನು? ಹಿಂದಿನ ಗೋಡೆ ಕಾಣಬಾರದು ಅಂತ. ಮಗಳು ಪ್ಯಾಟಿ ಸಾಲಿಗೆ ಹೋಗತಾಳ, ಗೆಳತಿಯರು ಕರೆದಾಗ ಅವರ ಮನೆಗೆ ಹೋಗಿ ಬಂದಾಳ, ಈಗ ತಿರುಗಿ ಕರೀಬೇಕು.

ನಮ್ಮ ಓಣಿಯ ಒಂದು ಮನೆಯಲ್ಲಿ ಹಂಗ 12 ಮಕ್ಕಳನ್ನು ಕರೆದಿದ್ದರು. ತಾಟು ಹಚ್ಚಲಿಕ್ಕೆ ನಾನೂ ಹೋಗಿದ್ದೆ. ಐದು ಮಕ್ಕಳು ಬಂದವು. ಅದರಾಗ ಎರಡು ಮಕ್ಕಳು ತಾಟು ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕುಂತವು. ತಿನ್ನವ್ವ ಅಂದರೆ, “ಅಲ್ಲಿ ಏನೂ ತಿನಬ್ಯಾಡ, ನೀರೂ ಕುಡಿಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ” ಅಂತು ಒಂದು. ಏಳು ವರ್ಷದ ಕೂಸು, ಕಪಟ ಗೊತ್ತಿಲ್ಲ, ಇದ್ದದ್ದು ಹೇಳಿತು. ಎಲ್ಲರೂ ಹೋದ ಮೇಲೆ ಆ ಮನೆಯಾಕೆ ನನ್ನನ್ನು ಕೇಳಿದಳು: “ಅಕ್ಕಾ, ಕೇಕ್ ಸಣ್ಣದಾಯ್ತೇನ್ರಿ?”

ಮರುವರ್ಷ ಆಕೆ ಎರಡು ಕಿಲೋ ಕೇಕ್ ತಂದಳು.

ಮಹಾಡದ ಕೆರೆಯ ನೀರು ಬಾಬಾಸಾಹೇಬರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಇಂದಿಗೂ ನಮ್ಮ ಮನೆ ಲೋಟದ ನೀರು ಒಂದು ಕೂಸಿಗೆ ಬ್ಯಾಡ ಅಂತಾದರೆ, ಆ ಕೊರತೆ ಅದನ್ನು ಹೇಳಿಕೊಟ್ಟ ಮನೆಯದು. ಕೇಕಿನ ತೂಕ ಹೆಚ್ಚು ಮಾಡಿದರೆ ಅದು ನೀಗುವುದಿಲ್ಲ. ಈ ಮಾತು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಲ್ಲ. ಅವರು ತಮ್ಮ ಮನೆಯಲ್ಲೇ ತಪ್ಪು ಹುಡುಕತಾರ, ಸಾಲ ಮಾಡತಾರ.

ಅದಕ್ಕೆ ಸಂಘದ ತಮ್ಮಂದಿರಿಗೆ ನನ್ನ ಬೇಡಿಕೆ ಇಷ್ಟು. ಜಯಂತಿಗೆ ಮನೆ ಮನೆ ತಿರುಗಿ ಪಟ್ಟಿ ಎತ್ತತೀರಿ. ಸಮಾಜ ಮಂದಿರ ಉಳಿದ ದಿನ ಖಾಲಿ. ತಿಂಗಳಿಗೆ ಒಂದು ರವಿವಾರ ಆ ತಿಂಗಳಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಅಲ್ಲಿ ಕೂಡಿಸೋಣ. ಸುಸಲಾ, ಶಿರಾ ಮಾಡೋಣ. ನಾಲ್ಕು ಮನೆಯವರು ಕೂಡಿದರೆ ಒಬ್ಬರ ಮೇಲೆ ಹೊರೆ ಬೀಳುವುದಿಲ್ಲ. ಕೇಕ್ ಬೇಕು ಅಂತ ಮಕ್ಕಳು ಹಟ ಹಿಡಿದರೆ ಎಲ್ಲರಿಗೂ ಕೂಡಿ ಒಂದೇ ತರೋಣ, ಆದರೆ ಮುಖಕ್ಕೆ ಬಳಿಯುವ ಆಟ ಬ್ಯಾಡ. ಆ ನೊರೆ ಹಾರಿಸುವ ಡಬ್ಬಿಯಂತೂ ಬ್ಯಾಡವೇ ಬ್ಯಾಡ. ಅದರೊಳಗಿನ ಗ್ಯಾಸ್ ಮೇಣಬತ್ತಿಗೆ ತಾಗಿದರೆ ಭಗ್ಗಂತ ಹತ್ತುತ್ತದೆ. ಸಾಲಿಯ ಗೆಳೆಯರನ್ನು ಧಾರಾಳ ಕರೆಯಿರಿ. ಬಂದವರು ಉಣ್ಣಲಿ, ಉಣ್ಣದಿದ್ದರೆ ನಮ್ಮ ಮಕ್ಕಳಿಗೆ ಒಂದು ಸೌಟು ಹೆಚ್ಚು.

ಹೊಸ ಕೂಸು ಹುಟ್ಟಿದ ಮನೆಗೆ ಬ್ಯಾನರ್ ಬದಲು ಇನ್ನೊಂದು ಕೆಲಸ ಮಾಡಿರಿ. 21 ದಿನದೊಳಗೆ ಜನನ ನೋಂದಣಿ ಆಗ್ಯದೋ ಇಲ್ಲೋ ವಿಚಾರಿಸಿರಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸಾಲಿ ಪ್ರವೇಶಕ್ಕೂ ಆಧಾರಕ್ಕೂ ಆ ಜನನ ದಾಖಲೆಯೇ ಪುರಾವೆ. ಇನ್ನು ಮುಂದೆ ಯಾವ ಮಾಸ್ತರೂ ನಮ್ಮ ಕೂಸಿಗೆ ಜೂನ್ 1 ಬರೆಯುವ ಕಾಲ ಬರಬಾರದು.

ಈ ತಿಂಗಳು ಹುಟ್ಟಿದ ನಾಲ್ಕು ಮಕ್ಕಳ ಹೆಸರು ಬರೆದುಕೊಂಡು ಬಂದೀನಿ. ಶಿರಾಕ್ಕೆ ರವಾ ನಾನು ಕೊಡತೀನಿ. ಮಂದಿರದ ಕೀಲಿಕೈ ಯಾರ ಹತ್ತಿರ ಐತಿ, ಅಷ್ಟು ಹೇಳ್ರಿ. ಜೈಭೀಮ್.