ಆಲ್ಪ್ಸ್ ಪರ್ವತದ ಮೂರು ಘಾಟಿಗಳು
(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಸ್ವಿಟ್ಜರ್ಲೆಂಡಿನ ಬೆಟ್ಟದ ದಾರಿಗಳ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಆ ದೇಶವನ್ನು ಕಂಡವನಲ್ಲ. ಈ ವಾಚನಾಲಯದಲ್ಲಿ ಕುಳಿತು ಓದಿ, ನಕ್ಷೆಯ ಮೇಲೆ ಬೆರಳಿಟ್ಟು ತಿರುಗಿದವನು, ಅಷ್ಟೆ. ಆದರೆ ನಮ್ಮ ಸದಸ್ಯರ ಮಕ್ಕಳು ಕೆಲವರು ಈಗ ರಜೆಯಲ್ಲಿ ಅಲ್ಲಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಬೆಟ್ಟ ಸುತ್ತಿ ಬರುತ್ತಿದ್ದಾರೆ. ಹೋಗುವವರಿಗೂ, ಮನೆಯಲ್ಲಿದ್ದು ಚಿತ್ರ ನೋಡುವವರಿಗೂ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಆಂಡರ್‌ಮಾಟ್ ಎಂಬ ಊರಿನಿಂದ ಹೊರಟು ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಎಂಬ ಮೂರು ಘಾಟಿಗಳನ್ನು ಹತ್ತಿಳಿದು ಮತ್ತೆ ಅಲ್ಲಿಗೇ ಬರಬಹುದು. ಸುಮಾರು 120 ಕಿಲೋಮೀಟರು; ಒಂದು ದಿನದ ದಾರಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಈ ಮೂರು ಘಾಟಿಗಳೂ 2,100 ಮೀಟರಿಗಿಂತ ಮೇಲಿವೆ. ಫುರ್ಕಾ 2,400ನ್ನೂ ದಾಟುತ್ತದೆ.

ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವನು ನಾನು. ಯಾವ ದೊಡ್ಡ ಕೆಲಸ ಕಂಡರೂ ಇದನ್ನು ಯಾರು ಮಾಡಿದರು, ಏಕೆ ಮಾಡಿದರು ಎಂದು ಕೇಳುವುದು ಅಭ್ಯಾಸವಾಗಿದೆ. ಫುರ್ಕಾ ರಸ್ತೆ 1866ರ ಹೊತ್ತಿಗೆ ಮುಗಿಯಿತು. ಅದನ್ನು ಮಾಡಿದ್ದು ವಿಹಾರಕ್ಕಲ್ಲ. ಮುಖ್ಯವಾಗಿ ಸೈನ್ಯದ ಓಡಾಟಕ್ಕೆ. ಗ್ರಿಮ್ಸೆಲ್ ರಸ್ತೆ 19ನೆಯ ಶತಮಾನದ ಕೊನೆಯದು. ಸುಸ್ಟೆನ್ ರಸ್ತೆ 1938ರಲ್ಲಿ ಆರಂಭವಾಗಿ, ಯುದ್ಧಕಾಲವನ್ನೆಲ್ಲ ಕಳೆದು, 1946ರಲ್ಲಿ ತೆರೆಯಿತು. ಅದು ಮೊದಲಿನಿಂದಲೇ ಮೋಟಾರಿಗೆಂದು ಯೋಚಿಸಿ ಮಾಡಿದ ದಾರಿ. ಮುಂಬಯಿಯಿಂದ ಪುಣೆಗೆ ಹೋಗುವಾಗ ಖಂಡಾಳಾ ಘಾಟನ್ನು ನಾವೆಲ್ಲ ಹತ್ತಿದ್ದೇವೆ. ಕಿಟಕಿಯಿಂದ ಜಲಪಾತ ಕಾಣುತ್ತದೆ. ಬಂಡೆ ಒಡೆದವನು ಕಾಣುವುದಿಲ್ಲ. ಅಲ್ಲಿಯೂ ಹಾಗೆಯೇ.

ಆ ದುಡಿಮೆ ಇಂದಿಗೂ ಮುಗಿದಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಮೂರು ದಾರಿಗಳೂ ಮುಚ್ಚುತ್ತವೆ. ಬೇಸಿಗೆ ಬರುವ ಮುಂಚೆ ಕೆಲಸಗಾರರು ಆಳೆತ್ತರಕ್ಕೂ ಮೀರಿದ ಹಿಮವನ್ನು ಕಡಿದು ದಾರಿ ಬಿಡಿಸುತ್ತಾರೆ. ಆದ್ದರಿಂದ ಸಾಮಾನ್ಯವಾಗಿ ಜೂನ್ ತಿಂಗಳಿಂದ ಅಕ್ಟೋಬರಿನವರೆಗೆ ಮಾತ್ರ ಪ್ರಯಾಣ. ಹೊರಡುವ ಮೊದಲು ದಾರಿ ತೆರೆದಿದೆಯೇ ಎಂದು ವಿಚಾರಿಸಬೇಕು. ಫುರ್ಕಾ ಮುಚ್ಚಿದ್ದರೆ, 1982ರಲ್ಲಿ ತೆರೆದ ಸುರಂಗದ ಮೂಲಕ ಕಾರನ್ನು ರೈಲಿನ ಮೇಲೇರಿಸಿ ದಾಟಿಸುವ ವ್ಯವಸ್ಥೆಯಿದೆ.

ನಡತೆಯ ಮಾತು ಒಂದಿದೆ. ಅಲ್ಲಿನ ಹಳದಿ ಬಣ್ಣದ ಅಂಚೆ ಬಸ್ಸು ಕುರುಡು ತಿರುವಿನಲ್ಲಿ ಮೂರು ಸ್ವರದ ಕೊಂಬು ಊದುತ್ತದೆ. ಬೆಟ್ಟದ ಅಂಚೆ ದಾರಿಯಲ್ಲಿ ಅದಕ್ಕೇ ಮೊದಲ ಹಕ್ಕು; ಅದರ ಚಾಲಕನು ಹಿಂದೆ ಸರಿಯೆಂದರೆ ಸರಿಯಬೇಕು. ಇಕ್ಕಟ್ಟಿನಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ನಮ್ಮ ಘಾಟಿಗಳ ನಿಯಮವೂ ಇದೇ. ಪಾಲಿಸುವವರು ಎಷ್ಟು ಮಂದಿಯೆಂದು ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ, ಮನಸ್ಸನ್ನು ಕಲಕುವ ಸಂಗತಿ. ಫುರ್ಕಾದ ಪಶ್ಚಿಮದ ಇಳಿಜಾರಿನಲ್ಲಿ ರೋನ್ ಹಿಮನದಿಯಿದೆ. ರೋನ್ ನದಿ ಹುಟ್ಟುವುದು ಅಲ್ಲಿಯೇ. 19ನೆಯ ಶತಮಾನದಲ್ಲಿ ಆ ಮಂಜುಗಡ್ಡೆ ಕೆಳಗಿನ ಗ್ಲೆಚ್ ಬಯಲಿನವರೆಗೆ ಚಾಚಿತ್ತು. ಅದನ್ನು ನೋಡುವುದಕ್ಕೆಂದೇ ರಸ್ತೆಯ ತಿರುವಿನಲ್ಲಿ ಹೋಟೆಲು ಕಟ್ಟಿದರು. ಈಗ ಆ ಇಳಿಜಾರಿನಲ್ಲಿ ಬರಿಯ ಬಂಡೆ. ಗಡ್ಡೆ ಮೇಲೆ ಮೇಲೆ ಹಿಂಜರಿದಿದೆ. ಭೂಮಿಯ ಕಾವು ಏರಿದ್ದೇ ಕಾರಣ. ಈಚಿನ ಬೇಸಿಗೆಗಳಲ್ಲಿ ಅದರ ಒಂದು ಭಾಗಕ್ಕೆ ಬಿಳಿಯ ಹೊದಿಕೆ ಹೊದಿಸಿ ಕರಗುವುದನ್ನು ತಡೆಯಲು ನೋಡಿದ್ದಾರೆ. ಕಾಯಿಲೆಯವನಿಗೆ ಕಂಬಳಿ ಹೊದಿಸಿದ ಹಾಗೆ! ಬೇಸಿಗೆಯಲ್ಲಿ ನದಿಗೆ ನೀರೂಡುವುದು ಈ ಗಡ್ಡೆಯೇ. ನಾಳೆ ನಮ್ಮ ಮೊಮ್ಮಕ್ಕಳು ಹೋದರೆ ಮನುಷ್ಯ ಮಾಡಿದ ರಸ್ತೆ ಇದ್ದೀತು, ಹಿಮನದಿ ಇದ್ದೀತೆಂಬ ಭರವಸೆಯಿಲ್ಲ.

ಆದ್ದರಿಂದ ಹೋಗುವವರಲ್ಲಿ ನನ್ನ ವಿನಂತಿ: ಆ ತಿರುವಿನಲ್ಲಿ ಕಾರು ನಿಲ್ಲಿಸಿ ಇಳಿಯಿರಿ. ಚಿತ್ರ ತೆಗೆಯುವ ಮುನ್ನ ಕೆಳಗಿನ ಬಯಲನ್ನೊಮ್ಮೆ, ಮೇಲಿನ ಗಡ್ಡೆಯನ್ನೊಮ್ಮೆ ನೋಡಿರಿ. ಬಂದ ಮೇಲೆ ಕಂಡದ್ದನ್ನು ಇಲ್ಲಿ ನಮಗೆ ಹೇಳಿರಿ.